ಸಂಜೆಯ ಲೋಟಕ್ಕೆ ಮುರುಗಲು

ರಾತ್ರಿ ಹನ್ನೊಂದಾದರೂ ನಿದ್ದೆ ಹತ್ತುವುದಿಲ್ಲ ಎಂದು ದೂರುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಸಂಜೆ ಏನು ಕುಡಿದಿರಿ? 'ಏನಿಲ್ಲ, ಒಂದು ಲೋಟ ಚಹಾ ಅಷ್ಟೇ' ಎನ್ನುವವರೇ ಹೆಚ್ಚು. ಆ ಒಂದು ಲೋಟದಲ್ಲೇ ನಿದ್ದೆಯನ್ನು ದೂರವಿಡುವ ಕೆಫೀನ್ ಇದೆ. ವಯಸ್ಕರ ದೇಹ ತಾನು ಸೇವಿಸಿದ ಕೆಫೀನಿನ ಅರ್ಧ ಭಾಗವನ್ನು ಹೊರಹಾಕಲು ಸುಮಾರು ಐದು ಗಂಟೆ ತೆಗೆದುಕೊಳ್ಳುತ್ತದೆ. ಎಂದರೆ ಆರು ಗಂಟೆಗೆ ಕುಡಿದದ್ದರಲ್ಲಿ ಅರ್ಧ, ಹಾಸಿಗೆ ಹಾಸುವ ಹೊತ್ತಿಗೂ ರಕ್ತದಲ್ಲಿ ಉಳಿದಿರುತ್ತದೆ. ಗರ್ಭಿಣಿಯರಲ್ಲಿ, ಮುಖ್ಯವಾಗಿ ಕೊನೆಯ ತಿಂಗಳುಗಳಲ್ಲಿ, ಅದು ಇನ್ನೂ ನಿಧಾನವಾಗಿ ಇಳಿಯುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ, 150 ಮಿಲಿಲೀಟರ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ, ಅಷ್ಟೇ ಪ್ರಮಾಣದ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಅದೇ ಮಾರ್ಗಸೂಚಿ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆಯವರೆಗೆ ಚಹಾ, ಕಾಫಿ ಬೇಡ ಎನ್ನುತ್ತದೆ. ಕಾರಣ, ಅವುಗಳಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ನಮ್ಮ ರಾಜ್ಯದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಇರುವಾಗ ಇದು ಸಣ್ಣ ಮಾತಲ್ಲ.

ಹಾಗೆಂದು ಸಂಜೆಯ ಬಿಸಿ ಲೋಟವನ್ನೇ ಬಿಡಬೇಕಾಗಿಲ್ಲ. ಲೋಟದೊಳಗಿನದನ್ನು ಬದಲಿಸಿದರೆ ಸಾಕು.

ಕೆಂಪು ಪೊದೆಯ ಪಾನೀಯ

ಪಟ್ಟಣದ ಅಂಗಡಿಗಳಲ್ಲಿ ಈಗ 'ರೂಯ್ಬೋಸ್' ಎಂಬ ಹೆಸರಿನ ಪೊಟ್ಟಣಗಳು ದೊರೆಯುತ್ತವೆ. ಇದು ದಕ್ಷಿಣ ಆಫ್ರಿಕಾದ ಸೀಡರ್‌ಬರ್ಗ್ ಬೆಟ್ಟಸಾಲಿನ ಒಂದು ಪೊದೆಗಿಡ. ಹೆಸರಿನ ಅರ್ಥವೇ ಕೆಂಪು ಪೊದೆ. ಚಹಾ ಗಿಡಕ್ಕೂ ಇದಕ್ಕೂ ನಂಟಿಲ್ಲ. ಇದು ಅವರೆ, ತೊಗರಿಗಳ ಕುಲಕ್ಕೆ ಸೇರಿದ್ದು. ಸೂಜಿಯಂಥ ಎಲೆಗಳನ್ನು ಕತ್ತರಿಸಿ, ಜಜ್ಜಿ, ಗಾಳಿಗೆ ಬಿಟ್ಟು ಒಣಗಿಸಿದಾಗ ಕೆಂಪಾಗುತ್ತವೆ. ಇದರಲ್ಲಿ ಕೆಫೀನ್ ಇಲ್ಲ, ಟ್ಯಾನಿನ್ನೂ ಕಡಿಮೆ. ಒಂದು ಲೋಟಕ್ಕೆ ಒಂದು ಚಮಚ ಎಲೆ ಹಾಕಿ, ಕುದಿಯುವ ನೀರು ಸುರಿದು, ಐದರಿಂದ ಏಳು ನಿಮಿಷ ಮುಚ್ಚಿಟ್ಟು ಸೋಸಬೇಕು. ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೂ ಚಹಾದಂತೆ ಕಹಿಯಾಗದು.

ಹಣ್ಣಿನ ಪರಿಮಳದ ಮಿಶ್ರಣಗಳನ್ನು ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಕೆಲವದರಲ್ಲಿ ಚಹಾ ಎಲೆ ಬೆರೆತಿರುತ್ತದೆ. ಗ್ರೀನ್ ಟೀಯಲ್ಲಿ ಕೆಫೀನ್ ಇಲ್ಲವೆಂಬುದು ತಪ್ಪು ತಿಳಿವಳಿಕೆ. ಅದೂ ಚಹಾ ಗಿಡದ್ದೇ ಎಲೆ.

ನಮ್ಮ ಘಟ್ಟದ ಹಣ್ಣು

ಆದರೆ ಹಣ್ಣಿನ ರುಚಿಯ, ಕೆಫೀನ್ ಇಲ್ಲದ ಕೆಂಪು ಪಾನೀಯಕ್ಕಾಗಿ ಸಮುದ್ರ ದಾಟಬೇಕಾಗಿಲ್ಲ. 'ಆಸರಿಗೆ ಏನು ಬೇಕು?' ಎಂದು ಬಂದವರನ್ನು ವಿಚಾರಿಸುವ ಮಲೆನಾಡಿನ ಮನೆಗಳಲ್ಲಿ ಚಹಾಕ್ಕಿಂತ ಹಳೆಯ ಉತ್ತರಗಳಿವೆ. ಕೊತ್ತಂಬರಿ, ಜೀರಿಗೆಗಳನ್ನು ಹುರಿದು ಪುಡಿ ಮಾಡಿದ ಕಷಾಯ ಒಂದು. ಮುರುಗಲು ಇನ್ನೊಂದು. ಸೊರಬಕ್ಕೆ ತಾಗಿರುವ ಸಾಗರ, ಸಿದ್ದಾಪುರ, ಶಿರಸಿಯ ಕಡೆ ಮುರುಗಲು ಎಂದರೆ ಎಲ್ಲರಿಗೂ ಗೊತ್ತು. ದಕ್ಷಿಣ ಕನ್ನಡದವರು ಇದನ್ನೇ ಪುನರ್ಪುಳಿ ಎನ್ನುತ್ತಾರೆ. ಹಣ್ಣಿನ ಸಿಪ್ಪೆಯನ್ನು ಒಣಗಿಸಿಟ್ಟರೆ ವರ್ಷವಿಡೀ ಬರುತ್ತದೆ. ಬೇಸಿಗೆಯಲ್ಲಿ ತಣ್ಣನೆಯ ಪಾನಕವಾಗಿ ಕುಡಿಯುವ ಇದನ್ನು ಮಳೆಗಾಲದ ಸಂಜೆ ಬಿಸಿಯಾಗಿಯೂ ಕುಡಿಯಬಹುದು.

ಮಾಡುವ ವಿಧಾನ

ಇಬ್ಬರಿಗೆ ಆರೆಂಟು ಒಣ ಸಿಪ್ಪೆ ಸಾಕು. ತೊಳೆದು, ಎರಡು ಲೋಟ ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಅದೇ ನೀರಿಗೆ ಜಜ್ಜಿದ ಸಣ್ಣ ಚೂರು ಶುಂಠಿ, ಕಾಲು ಚಮಚ ಜೀರಿಗೆ ಸೇರಿಸಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ. ಇಳಿಸಿದ ಮೇಲೆ ಒಂದು ಏಲಕ್ಕಿ ಜಜ್ಜಿ ಹಾಕಿ, ಎರಡು ನಿಮಿಷ ಮುಚ್ಚಿಟ್ಟು ಸೋಸಿ. ಹುಳಿಗೆ ತಕ್ಕಷ್ಟು ಬೆಲ್ಲ ಬೆರೆಸಿ. ಬಣ್ಣ ದಾಳಿಂಬೆಯ ರಸದಂತೆ ಕಾಣುತ್ತದೆ.

ರೂಯ್ಬೋಸ್ ತಂದವರು ಒಂದು ಚಮಚ ಎಲೆಯ ಜೊತೆ ನೆನೆಸಿದ ಎರಡು ಮುರುಗಲು ಸಿಪ್ಪೆ ಹಾಕಿ ನೋಡಬಹುದು. ಆಫ್ರಿಕಾದ ಎಲೆಯ ಸಿಹಿಗಂಪಿಗೆ ಘಟ್ಟದ ಹುಳಿ ಚೆನ್ನಾಗಿ ಹೊಂದುತ್ತದೆ.

ಎರಡು ಎಚ್ಚರಿಕೆ ಬೇಕು. ಮುರುಗಲಿಗೆ ಹಾಲು ಹಾಕಬೇಡಿ, ಒಡೆಯುತ್ತದೆ. ಅಲ್ಯೂಮಿನಿಯಂ ಅಥವಾ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಕುದಿಸಬೇಡಿ. ಹುಳಿ ಲೋಹವನ್ನು ಕರಗಿಸುತ್ತದೆ. ಸ್ಟೀಲ್ ಪಾತ್ರೆ ಒಳ್ಳೆಯದು.

ಯಾರಿಗೆ ಹಿತ, ಯಾರಿಗೆ ಮಿತ

ಸಂಜೆಯಾದ ಮೇಲೆ ಬಿಸಿಯಾಗಿ ಏನಾದರೂ ಬೇಕೆನ್ನುವ ಹಿರಿಯರಿಗೆ, ದೊಡ್ಡವರನ್ನು ನೋಡಿ ಚಹಾ ಕೇಳುವ ಮಕ್ಕಳಿಗೆ ಇದು ಒಳ್ಳೆಯ ಬದಲಿ. ಹೊಟ್ಟೆಯ ಹುಣ್ಣು, ಎದೆಯುರಿ ಇರುವವರು ತೆಳುವಾಗಿ, ಅದೂ ಊಟವಾದ ಮೇಲೆ ಕುಡಿಯಲಿ. ಉರಿ ಹೆಚ್ಚಿದರೆ ಬಿಡಲಿ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಬೇಕು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಾದರೆ ರಕ್ತದೊತ್ತಡ ಇರುವವರು ಒಮ್ಮೆ ನೆನೆಸಿ, ಆ ನೀರು ಚೆಲ್ಲಿ ಬಳಸಲಿ.

ಇದು ಪಾನೀಯ, ಮದ್ದಲ್ಲ. ಮುರುಗಲು, ಉಪ್ಪಾಗೆಯ ಸಾರದಿಂದ ಮಾಡಿದ 'ತೂಕ ಇಳಿಸುವ' ಗುಳಿಗೆಗಳ ಹಿಂದೆ ಹೋಗಬೇಡಿ. ಉಪ್ಪಾಗೆ ಸಾರದ ಇಂಥ ಗುಳಿಗೆ ನುಂಗಿದ ಕೆಲವರ ಯಕೃತ್ತಿಗೆ ಹಾನಿಯಾದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ.

ಕಾಡಿಗೆ ಹೋಗುವ ಮುನ್ನ

ಹಣ್ಣು ಕಾಡಿನಿಂದ ಬರುವುದರಿಂದ ಇನ್ನೊಂದು ಮಾತು ಹೇಳಲೇಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ಲೋಕಕ್ಕೆ ತಿಳಿದದ್ದು 1957ರಲ್ಲಿ ಅಲ್ಲಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಿಂದ. ಹಣ್ಣು ತಿಂದರೆ ಆ ರೋಗ ಬಾರದು. ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ಮುರುಗಲು ಹಣ್ಣಾಗುವ ಏಪ್ರಿಲ್, ಮೇ ತಿಂಗಳುಗಳು ಉಣುಗಿನ ಕಾಟವಿರುವ ಕಾಲವೂ ಹೌದು. ಮಲೆನಾಡಿನವರು ಹಣ್ಣಿಗೆ ಹೋಗುವಾಗ ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲೇ ಒಗೆಯಿರಿ. ಮಂಗ ಸತ್ತ ಜಾಗದ ಕಡೆ ಸುಳಿಯಬೇಡಿ. ಕಾಡಿಗೆ ಹೋಗಿ ಬಂದ ಮೇಲೆ ಹಠಾತ್ತನೆ ಜೋರು ಜ್ವರ, ತಲೆನೋವು, ವಿಪರೀತ ಮೈಕೈ ನೋವು ಕಂಡರೆ ಕಷಾಯ ಕುಡಿಯುತ್ತ ಕಾಯಬೇಡಿ; ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಿ.

ಬೆಳಗಿನ ಚಹಾ ಎಂದಿನಂತೆ ಇರಲಿ. ಮಧ್ಯಾಹ್ನ ಮೂರರ ನಂತರದ ಲೋಟವನ್ನು ಮಾತ್ರ ಮುರುಗಲಿಗೋ ಕಷಾಯಕ್ಕೋ ಬಿಟ್ಟುಕೊಡಿ. ಎರಡು ವಾರ ಹೀಗೆ ಮಾಡಿ, ನಿದ್ದೆ ಹೇಗಿದೆಯೆಂದು ನೀವೇ ಗಮನಿಸಿ.