ಶಹಾಬಾದ್ ಕಲ್ಲು ಮತ್ತು ಆರು ದಿನಗಳ ಸೃಷ್ಟಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಲಿನ ಸುಣ್ಣಕಲ್ಲು ಪ್ರಾಚೀನ ಸಮುದ್ರದ ತಳದಲ್ಲಿ ಪದರಪದರವಾಗಿ ಶೇಖರವಾದದ್ದು. ಮನೆಗೆ ಹಾಸುವ ಶಹಾಬಾದ್ ಫರಸಿ, ವಾಡಿಯ ಸಿಮೆಂಟು ಎರಡಕ್ಕೂ ಅದೇ ಮೂಲ. ಈ ಪದರಗಳ ವಯಸ್ಸು 50 ಕೋಟಿ ವರ್ಷಕ್ಕೂ ಹೆಚ್ಚು. ಚಿಂಚೋಳಿ ಕಡೆಯ ಕಪ್ಪು ಲಾವಾಶಿಲೆ ಸುಮಾರು 6.6 ಕೋಟಿ ವರ್ಷದ್ದು.

ಬೈಬಲಿನ ಆದಿಕಾಂಡದಲ್ಲಿ ಸೃಷ್ಟಿ ಆರು ದಿನಗಳ ಕೆಲಸ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ವಂಶಾವಳಿಗಳನ್ನು ಕೂಡಿಸಿ, 1650ರಲ್ಲಿ, ಅದು ನಡೆದದ್ದು ಕ್ರಿ.ಪೂ. 4004ರಲ್ಲಿ ಎಂದರು. ಆ ಲೆಕ್ಕದಲ್ಲಿ ಒಂದು ಫರಸಿಗೂ ಜಾಗವಿಲ್ಲ.

ಒಂದು ‘ದಿನ’ವೆಂದರೆ ಒಂದು ಯುಗ ಎಂಬುದು ಹೊಂದಾಣಿಕೆಯ ಜನಪ್ರಿಯ ದಾರಿ. ಆದರೆ ಆದಿಕಾಂಡದಲ್ಲಿ ಗಿಡಮರ ಮೂರನೆಯ ದಿನ, ಸೂರ್ಯ ನಾಲ್ಕನೆಯ ದಿನ. ವಿಜ್ಞಾನದ ಕ್ರಮ ಇದಕ್ಕೆ ತಿರುಗುಮುರುಗು. ಇವು ಸಾಮಾನ್ಯ ದಿನಗಳಲ್ಲವೆಂದು 5ನೇ ಶತಮಾನದಲ್ಲೇ ವಾದಿಸಿದ ಸಂತ ಅಗಸ್ಟೀನರ ನಿಲುವು ಹೆಚ್ಚು ಗಟ್ಟಿ.

ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಸಮೀಕರಣಗಳಿಂದ ತೋರಿಸಿದ ಜಾರ್ಜ್ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. ಮಹಾಸ್ಫೋಟ ಸಿದ್ಧಾಂತ ಬೆಳೆದದ್ದು ಅಲ್ಲಿಂದ. ಇಂದಿನ ಅಂದಾಜಿನಲ್ಲಿ ವಿಶ್ವದ ವಯಸ್ಸು 1,380 ಕೋಟಿ ವರ್ಷ. 1951ರಲ್ಲಿ ಪೋಪ್ 12ನೇ ಪಯಸ್ ಈ ಸಿದ್ಧಾಂತವನ್ನು ಸೃಷ್ಟಿಕರ್ತನ ಪರ ಸಾಕ್ಷಿಯೆಂಬಂತೆ ಮಾತನಾಡಿದಾಗ ಲೆಮೈತ್ರ್‌ಗೆ ಹಿಡಿಸಲಿಲ್ಲ. ಭೌತವಿಜ್ಞಾನವನ್ನೂ ಧರ್ಮವನ್ನೂ ಅವರು ಬೇರೆಬೇರೆಯಾಗಿಯೇ ಇಟ್ಟರು.

ಸೃಷ್ಟಿಕರ್ತನ ಪ್ರಶ್ನೆ ಈ ನೆಲಕ್ಕೆ ಹೊಸದೇನಲ್ಲ. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ ಗುರು ಜಿನಸೇನಾಚಾರ್ಯರು 9ನೇ ಶತಮಾನದಲ್ಲಿ, ಲೋಕಕ್ಕೆ ಕರ್ತನೇ ಇಲ್ಲ, ಅದು ಅನಾದಿ ಎಂದು ‘ಮಹಾಪುರಾಣ’ದಲ್ಲಿ ವಾದಿಸಿದ್ದರು. ಕಲ್ಲಿನ ವಯಸ್ಸನ್ನು ಪ್ರಯೋಗಾಲಯ ಹೇಳಬಲ್ಲದು. ಕರ್ತನಿದ್ದಾನೆಯೇ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.