ಮಗುವಿನ ತೂಕ ಮನೆಯವರೆಲ್ಲರ ಹೊಣೆ

"ಮಗು ಗುಂಡುಗುಂಡಾಗಿದ್ದರೇ ಚೆಂದ" ಎನ್ನುವ ಮಾತು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಅದೇ ಮಗು ಹತ್ತು-ಹನ್ನೆರಡು ವರ್ಷಕ್ಕೆ ಬಂದಾಗ ನಮ್ಮ ಮಾತು ಬದಲಾಗುತ್ತದೆ. ಮದುವೆ ಮನೆಯಲ್ಲಿ, ಶಾಲೆಯಲ್ಲಿ, ಒಮ್ಮೊಮ್ಮೆ ಚರ್ಚ್ ಅಂಗಳದಲ್ಲೂ "ಡುಮ್ಮ" ಎಂದು ಕರೆದು ನಗುತ್ತೇವೆ. "ತಿನ್ನುವುದು ಕಡಿಮೆ ಮಾಡು" ಎಂದು ನಾಲ್ಕು ಜನರ ಎದುರು ಗದರುತ್ತೇವೆ. ಹಾಗೆ ಗದರಿದರೆ ತೂಕ ಇಳಿಯುವುದೇ? ಇಲ್ಲ. ಮಗು ಕದ್ದು ತಿನ್ನಲು ಕಲಿಯಬಹುದು, ಆಟದ ಬಯಲಿನಿಂದ ದೂರ ಸರಿಯಬಹುದು.

ಬೊಜ್ಜು ಸೋಮಾರಿತನದ ಗುರುತಲ್ಲ, ಅದೊಂದು ದೀರ್ಘಕಾಲದ ಕಾಯಿಲೆ ಎಂದು ವೈದ್ಯರು ಹೇಳುತ್ತಾರೆ. ವಂಶದ ಗುಣ, ನಿದ್ದೆಯ ಕೊರತೆ, ಮನಸ್ಸಿನ ದುಗುಡ, ಮನೆಯ ಅಡುಗೆ, ಬೀದಿ ಮೂಲೆಯ ಬೇಕರಿ, ಕೈಬಿಡದ ಮೊಬೈಲ್ ಎಲ್ಲವೂ ಇದಕ್ಕೆ ಕಾರಣವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ 5ರಿಂದ 19 ವರ್ಷದ ಸುಮಾರು 16 ಕೋಟಿ ಮಕ್ಕಳಿಗೆ ಬೊಜ್ಜಿನ ತೊಂದರೆಯಿತ್ತು.

ಮಗುವಿನ ಕುತ್ತಿಗೆಯ ಹಿಂಭಾಗ ಕಪ್ಪಾಗಿ ದಪ್ಪಗಾದರೆ ನಾವು ಕೊಳೆಯೆಂದು ತಿಕ್ಕಿ ತೊಳೆಯುತ್ತೇವೆ. ಎಷ್ಟೋ ಸಲ ಅದು ಕೊಳೆಯಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ. ಜೋರು ಗೊರಕೆ, ಮೊಣಕಾಲು ನೋವು, ಹುಡುಗಿಯರಲ್ಲಿ ಮುಟ್ಟಿನ ಏರುಪೇರು ಕಂಡರೂ ವೈದ್ಯರಿಗೆ ತೋರಿಸಬೇಕು.

ಇಷ್ಟೆಲ್ಲ ಕಾರಣಗಳಿರುವ ಕಾಯಿಲೆಗೆ ಒಬ್ಬರೇ ವೈದ್ಯರ ಐದು ನಿಮಿಷದ ಬುದ್ಧಿಮಾತು ಸಾಕಾಗದು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು ತೀವ್ರ ಬೊಜ್ಜಿನ ಮಕ್ಕಳಿಗಾಗಿ 15 ವಿಶೇಷ ಚಿಕಿತ್ಸಾಲಯಗಳನ್ನು 2021ರಲ್ಲಿ ಪ್ರಕಟಿಸಿತು. ಅಲ್ಲಿ ವೈದ್ಯರು ದೇಹವನ್ನು ಪರೀಕ್ಷಿಸಿದರೆ, ಆಹಾರತಜ್ಞರು ಊಟದ ಕ್ರಮ ಹೇಳಿಕೊಡುತ್ತಾರೆ, ಮನಃಶಾಸ್ತ್ರಜ್ಞರು ಮಗುವಿನ ನೋವನ್ನು ಕೇಳುತ್ತಾರೆ, ಸಮಾಜ ಕಾರ್ಯಕರ್ತರು ಮನೆಯ ಕಷ್ಟಸುಖ ವಿಚಾರಿಸುತ್ತಾರೆ. "ಬೆಳೆದಂತೆ ಸರಿಹೋಗುತ್ತದೆ ಎಂದು ಕಾಯಬೇಡಿ" ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಕೊಟ್ಟ ಮಾರ್ಗದರ್ಶನದ ಸಾರ. 3ರಿಂದ 12 ತಿಂಗಳ ಅವಧಿಯಲ್ಲಿ ಕನಿಷ್ಠ 26 ಗಂಟೆ, ಅದೂ ಕುಟುಂಬ ಸಮೇತ, ಇಂತಹ ತಂಡದ ಜೊತೆ ಕಳೆಯಬೇಕೆಂದು ಅದು ಹೇಳುತ್ತದೆ. 12 ವರ್ಷ ದಾಟಿದವರಿಗೆ ವೈದ್ಯರು ಔಷಧಿಯನ್ನೂ ಕೊಡಬಹುದು. ಆದರೆ ಅದು ಇವೆಲ್ಲದರ ಜೊತೆಗೆ, ಇವುಗಳ ಬದಲಿಗಲ್ಲ.

ನಮ್ಮ ಗಡಿನಾಡಿನ ಊರುಗಳಲ್ಲಿ ಅಂತಹ ಚಿಕಿತ್ಸಾಲಯ ಎಲ್ಲಿದೆ ಎಂದು ನೀವು ಕೇಳಬಹುದು. ಮೊದಲು ಮಕ್ಕಳ ವೈದ್ಯರ ಬಳಿ ಹೋಗೋಣ. ಆಹಾರತಜ್ಞರನ್ನೂ ಆಪ್ತ ಸಲಹೆಗಾರರನ್ನೂ ಕಾಣಲು ಚೀಟಿ ಬರೆಸಿಕೊಳ್ಳೋಣ. ಬೆಳೆಯುವ ಮಗುವಿನ ತೂಕ ಇಳಿಯಲೇಬೇಕೆಂದಿಲ್ಲ. ಎತ್ತರ ಹೆಚ್ಚುವಾಗ ತೂಕ ಹೆಚ್ಚದಿದ್ದರೂ ಎಷ್ಟೋ ಮಕ್ಕಳಿಗೆ ಅದೇ ಗೆಲುವು. ಯಾರಿಗೆ ಯಾವುದು ಸರಿ ಎಂಬುದನ್ನು ವೈದ್ಯರು ಹೇಳಲಿ. ಪಥ್ಯವೆಂದು ಮಗುವನ್ನು ಉಪವಾಸ ಕೆಡವುವುದು ಬೇಡ.

ಆ ತಂಡದಲ್ಲಿ ಅಪ್ಪ, ಅಮ್ಮ, ಅಜ್ಜಿಯೂ ಸೇರಿದ್ದಾರೆ. ಒಬ್ಬ ಮಗನಿಗೆ ಗಂಜಿ, ಉಳಿದವರಿಗೆ ಪರೋಟ ಎಂದರೆ ಅದು ಚಿಕಿತ್ಸೆಯಲ್ಲ, ಶಿಕ್ಷೆ. ಎಲ್ಲರೂ ಒಂದೇ ಅಡುಗೆ ಉಣ್ಣೋಣ. ಬಣ್ಣದ ಪಾನೀಯದ ಬಾಟಲಿ ಮನೆಗೆ ಬರದಿರಲಿ. ಊಟದ ಹೊತ್ತಿಗೆ ಟಿ.ವಿ. ಆರಲಿ. ದಿನಕ್ಕೆ ಒಂದು ಗಂಟೆ ಮಕ್ಕಳು ಓಡಿ ಆಡಲಿ, ಸಂಜೆ ನಾವೂ ಜೊತೆಗೆ ನಡೆಯೋಣ. ಭಾನುವಾರ ಧರ್ಮೋಪದೇಶ ತರಗತಿಯ ಮಕ್ಕಳಿಗೆ ಕ್ರೀಮ್ ಬಿಸ್ಕತ್ತಿನ ಬದಲು ಬಾಳೆಹಣ್ಣು ಹಂಚಬಾರದೇಕೆ?

ಇಂದಿನಿಂದಲೇ ಮಾಡಬಹುದಾದ, ಖರ್ಚಿಲ್ಲದ ಕೆಲಸ ಇನ್ನೊಂದಿದೆ. ಆ ಮಗುವನ್ನು ಅದರ ಹೆಸರಿನಿಂದಲೇ ಕರೆಯೋಣ.