ಕ್ಷೇತ್ರ, ಚರ್ಚುಗಳ ಅಂಗಳದಲ್ಲಿ ಮನಸ್ಸಿನ ಪಾಠ

ಮಗ ಊಟ ಬಿಟ್ಟಿದ್ದಾನೆ. ಮಗಳಿಗೆ ರಾತ್ರಿ ನಿದ್ದೆಯಿಲ್ಲ, ಪುಸ್ತಕ ಕಂಡರೆ ಕೈ ನಡುಗುತ್ತದೆ. ಪುತ್ತೂರು, ಸುಳ್ಯ, ಕಡಬದ ಎಷ್ಟೋ ಮನೆಗಳಲ್ಲಿ ಆಗ ಮೊದಲು ನೆನಪಾಗುವುದು ಜೋಯಿಸರ ಪ್ರಶ್ನೆ, ದೈವದ ಹರಕೆ, ಚರ್ಚಿನ ಪ್ರಾರ್ಥನೆ ಇಲ್ಲವೇ ದರ್ಗಾ. ಮನಃಶಾಸ್ತ್ರಜ್ಞರ ನೆನಪಾಗುವುದು ಕೊನೆಗೆ.

ಸ್ವಾರಸ್ಯವೆಂದರೆ, ಈ ಭಾಗದ ವಿದ್ಯಾರ್ಥಿ ಮನಃಶಾಸ್ತ್ರ ಕಲಿಯಲು ಹೊರಟರೆ ಅವನಿಗೆ ತೆರೆಯುವ ಬಾಗಿಲುಗಳಲ್ಲೂ ಧಾರ್ಮಿಕ ಸಂಸ್ಥೆಗಳದ್ದಿವೆ. ಧರ್ಮಸ್ಥಳ ಕ್ಷೇತ್ರದ ಆಶ್ರಯದಲ್ಲಿ 1966ರಲ್ಲಿ ಆರಂಭವಾದ ಉಜಿರೆಯ ಎಸ್.ಡಿ.ಎಂ. ಕಾಲೇಜಿನಲ್ಲಿ ಪದವಿ, ಸ್ನಾತಕೋತ್ತರ ಎರಡೂ ಹಂತಗಳಲ್ಲಿ ಈ ವಿಷಯವಿದೆ. ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು 1921ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಸಂತ ಆಗ್ನೆಸ್ ಕಾಲೇಜಿನಲ್ಲೂ ಇದನ್ನು ಕಲಿಸುತ್ತಾರೆ.

ಹಾಗಾದರೆ ಅಲ್ಲಿ ಕಲಿಸುವುದು ಧರ್ಮಬೋಧೆಯೇ ಎಂದು ಪಾಲಕರು ಕೇಳಬಹುದು. ಅಲ್ಲ. ಕಲಿಕೆ, ನೆನಪು, ಬುದ್ಧಿಮತ್ತೆ, ವ್ಯಕ್ತಿತ್ವ, ಮನೋರೋಗ, ಸಂಖ್ಯಾಶಾಸ್ತ್ರ ಇವೇ ಪಾಠಗಳು. ವೃತ್ತಿಗಿಳಿದ ಮೇಲಂತೂ ಕಾನೂನೇ ಗೆರೆ ಎಳೆದಿದೆ. ಒಬ್ಬ ವ್ಯಕ್ತಿ ತನ್ನ ಸಮುದಾಯದ ಧಾರ್ಮಿಕ ನಂಬಿಕೆಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಅವನನ್ನು ಮನೋರೋಗಿ ಎನ್ನುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ರೋಗಿಯ ಗುಟ್ಟನ್ನು ಕಾಪಾಡಬೇಕೆಂದೂ ಅದೇ ಕಾಯ್ದೆ ವಿಧಿಸುತ್ತದೆ. ಭಕ್ತರ ಮಗನಾದರೂ ನಾಸ್ತಿಕನಾದರೂ ಎದುರು ಕುಳಿತವನ ಮಾತು ಆ ಕೋಣೆಯಿಂದ ಹೊರಬೀಳಬಾರದು.

ವಿದ್ಯಾರ್ಥಿಗಳು ನೆನಪಿಡಬೇಕಾದ ಇನ್ನೊಂದು ಮಾತಿದೆ. ಬಿ.ಎ., ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿದ ಮಾತ್ರಕ್ಕೆ ಯಾರೂ ಚಿಕಿತ್ಸಾ ಮನಃಶಾಸ್ತ್ರಜ್ಞರಾಗುವುದಿಲ್ಲ. ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರು ರೋಗಿಗಳೊಡನೆ ಪಳಗಬೇಕು. ಇಂಥ ತರಬೇತಿ ಬೆಂಗಳೂರಿನಲ್ಲಿ, ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾದ ಸಂಸ್ಥೆಯಲ್ಲಿ, 1955ರಲ್ಲೇ ಶುರುವಾಯಿತು. ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಕೋರ್ಸಿಗೆ ಹಣ ಕಟ್ಟುವ ಮೊದಲು ಅದಕ್ಕೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ಸಂಸ್ಥೆಯ ಹಿಂದೆ ಎಂಥ ದೊಡ್ಡ ಕ್ಷೇತ್ರದ ಹೆಸರಿದ್ದರೂ ಈ ವಿಚಾರಣೆ ತಪ್ಪಬಾರದು. ದೂರಶಿಕ್ಷಣ, ಆನ್‌ಲೈನ್ ಮೂಲಕ ಮನಃಶಾಸ್ತ್ರ ಕಲಿಸುವುದನ್ನು ಯುಜಿಸಿ 2025ರಲ್ಲಿ ನಿಲ್ಲಿಸಿತು. ಅಂಥ ಜಾಹೀರಾತಿಗೆ ಮರುಳಾಗಬೇಡಿ.

ಧಾರ್ಮಿಕ ಸಂಸ್ಥೆಗೊಂದು ಬಲವಿದೆ. 'ಹುಚ್ಚಿನ ಡಾಕ್ಟರು' ಎಂಬ ಮಾತಿಗೇ ಹಿಂಜರಿಯುವ ತಾಯಿ, ದೇವಸ್ಥಾನದ್ದೋ ಚರ್ಚಿನದ್ದೋ ಹೆಸರಿರುವ ಕಟ್ಟಡದ ಮೆಟ್ಟಿಲು ಹತ್ತಲು ಅಷ್ಟು ಅಳುಕುವುದಿಲ್ಲ. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ ಅಲ್ಲಿ ಕಲಿತು ಬಂದವರದ್ದು.

ಹರಕೆ ಬೇಡವೆಂದು ಯಾರೂ ಹೇಳಬೇಕಾಗಿಲ್ಲ. ಹರಕೆ ತೀರಿಸಿ ಬಂದ ಮೇಲೂ ನಿದ್ದೆ ಬಾರದ ಹುಡುಗಿಯ ಮಾತನ್ನು ಉಪದೇಶ ಮಾಡದೆ ಕೇಳುವವರೊಬ್ಬರು ನಮ್ಮೂರಲ್ಲೇ ಬೇಕು. ಅದು ನಿಮ್ಮ ಮಗಳೇ ಏಕಾಗಬಾರದು?